ವಿಡಿಯೊದಲ್ಲಿ ಪಾದ ತೋರಿಸುವಾಗ ಎರಡನ್ನೂ ತೋರಿಸಿ

ಸರ್ಕಾರದ ಇ-ಸಂಜೀವಿನಿ ಸೇವೆ ಬಂದ ಮೇಲೆ ನಂಜನಗೂಡು, ತಿ.ನರಸೀಪುರ ತಾಲ್ಲೂಕುಗಳ ಹಳ್ಳಿಯವರೂ ಶುಲ್ಕವಿಲ್ಲದೆ ವಿಡಿಯೊದಲ್ಲಿ ವೈದ್ಯರನ್ನು ಕಾಣಬಹುದು. ಆದರೆ ಪಾದದ ತೊಂದರೆಯಾದರೆ ಹೆಚ್ಚಿನವರು ನೋಯುವ ಜಾಗಕ್ಕಷ್ಟೇ ಮೊಬೈಲ್ ಹಿಡಿದು ಮುಗಿಸುತ್ತಾರೆ. ತಪ್ಪಾಗುವುದು ಇಲ್ಲೇ. ಊತವೋ ಕೆಂಪೋ ಎಷ್ಟಿದೆಯೆಂದು ತಿಳಿಯುವುದು ಇನ್ನೊಂದು ಪಾದದ ಪಕ್ಕದಲ್ಲಿಟ್ಟಾಗ ಮಾತ್ರ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಮೊಬೈಲಿನ ಟಾರ್ಚ್ ಹಾಕಿದರೆ ಇದ್ದದ್ದೂ ಅಳಿಸಿಹೋಗುತ್ತದೆ. ಅರಿಶಿನ ಹಚ್ಚಿದ ಪಾದದಲ್ಲಂತೂ ಬಣ್ಣ ನೋಡುವ ಮಾತೇ ಇಲ್ಲ. ಹಾಗಾಗಿ ಪಾದ ತೊಳೆದು ಒರೆಸಿ, ಬಟ್ಟೆಯನ್ನು ಮೊಣಕಾಲಿನವರೆಗೆ ಮಡಚಿ, ಜಗುಲಿಯ ಹಗಲು ಬೆಳಕಿನಲ್ಲಿ ಎರಡು ಪಾದಗಳನ್ನೂ ಜೋಡಿಸಿಡಿ. ಮೇಲ್ಭಾಗ, ಅಂಗಾಲು, ಹಿಮ್ಮಡಿ, ಹರಡಿನ ಎರಡೂ ಬದಿ ಕಾಣಬೇಕು. ಬೆರಳ ಸಂದುಗಳನ್ನು ಒಂದೊಂದಾಗಿ ಅಗಲಿಸಿ ತೋರಿಸಿ. ನಾಟಿ ಕಾಲದ ಕೆಸರುಹುಣ್ಣು ಅಡಗಿರುವುದು ಅಲ್ಲಿ. ಆಮೇಲೆ ಮೊಬೈಲನ್ನು ನೆಲಮಟ್ಟದಲ್ಲಿ ಒರಗಿಸಿಟ್ಟು ನಾಲ್ಕು ಹೆಜ್ಜೆ ಅತ್ತ, ನಾಲ್ಕು ಹೆಜ್ಜೆ ಇತ್ತ ನಡೆಯಿರಿ.

ಮುಟ್ಟಿ ನೋಡದ ವೈದ್ಯರಿಗೆ ಏನು ಗೊತ್ತಾದೀತು ಎಂಬ ಆಕ್ಷೇಪ ಸುಳ್ಳಲ್ಲ. ಪಾದದ ನಾಡಿಬಡಿತ ಪರದೆಯಲ್ಲಿ ಸಿಗದು. ಆದರೆ ಸ್ಪರ್ಶಜ್ಞಾನ ಉಳಿದಿದೆಯೇ ಎಂದು ಮನೆಯವರ ಬೆರಳೇ ಹೇಳಬಲ್ಲದು. ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ರೂಪುಗೊಂಡ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ರೋಗಿ ಕಣ್ಣು ಮುಚ್ಚಿರಲಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ಉಜ್ಜಬೇಡಿ, ‘ಗೊತ್ತಾಯ್ತಾ’ ಎಂದು ಕೇಳಬೇಡಿ. ಮುಟ್ಟಿದ್ದು ಯಾವ ಕಾಲು ಎಂದು ಅವರೇ ಹೇಳಬೇಕು. ಆರರಲ್ಲಿ ಎರಡು ತಪ್ಪಿದರೂ ಸ್ಪರ್ಶ ಕುಂದಿದೆ ಎಂದರ್ಥ. ಸಕ್ಕರೆ ಕಾಯಿಲೆಯವರಿಗೆ ಇದು ಬಹಳ ಮುಖ್ಯ. ನಂಜನಗೂಡಿನ ದೊಡ್ಡ ಜಾತ್ರೆಯ ಬಿಸಿಲಿನಲ್ಲಿ ಬರಿಗಾಲಲ್ಲಿ ನಡೆದು ಅಂಗಾಲು ಬೊಬ್ಬೆಯೆದ್ದರೂ ಜೋಮು ಹಿಡಿದ ಪಾದಕ್ಕೆ ಅದು ತಿಳಿಯದು. ನೋವಿಲ್ಲವೆಂದರೆ ಗಾಯವಿಲ್ಲ ಎಂದು ನಂಬುವುದನ್ನು ದಯವಿಟ್ಟು ಬಿಡಿ. ಕೊನೆಗೆ ಕೈಯ ಹಿಂಬದಿಯಿಂದ ಎರಡೂ ಪಾದ ಮುಟ್ಟಿ, ಒಂದು ಹೆಚ್ಚು ಬಿಸಿಯೋ ತಣ್ಣಗೋ ಹೇಳಿ.

ಮೈಸೂರು ದೂರವೇನಲ್ಲ, ಹೋಗಿಬಿಟ್ಟರಾಯ್ತಲ್ಲ ಎನ್ನಬಹುದು. ನಾಟಿಯ ದಿನಗಳಲ್ಲಿ ಅದಕ್ಕೆ ಒಂದು ದಿನದ ಕೂಲಿ ಹೋಗುತ್ತದೆ. ಅದಕ್ಕೇ ಜನ ವಾರಗಟ್ಟಲೆ ಮುಂದೂಡುತ್ತಾರೆ. ಇವತ್ತೇ ಹೊರಡಬೇಕೇ ಎಂಬುದನ್ನು ವಿಡಿಯೊ ತೀರ್ಮಾನಿಸಿಕೊಟ್ಟರೂ ಸಾಕು.

ಆದರೆ ಕೆಲವಕ್ಕೆ ವಿಡಿಯೊ ಬೇಡ, ನೇರ ಆಸ್ಪತ್ರೆಗೇ ಹೋಗಿ: ಕಪ್ಪಾದ ಬೆರಳು, ನಾರುವ ಗಾಯ, ಗಾಯದ ಜೊತೆ ಜ್ವರ, ತಣ್ಣಗಾಗಿ ಬಿಳಚಿದ ಪಾದ, ಉಳುಕಿದ ಮೇಲೆ ನಾಲ್ಕು ಹೆಜ್ಜೆ ಇಡಲಾಗದ ಸ್ಥಿತಿ, ಸಕ್ಕರೆ ಕಾಯಿಲೆಯವರಲ್ಲಿ ನೋವಿಲ್ಲದಿದ್ದರೂ ಊದಿ ಬಿಸಿಯಾದ ಪಾದ.