ಹಾಯಿದೋಣಿಯ ಉಕ್ಕಿನ ಹಗ್ಗ

ಕೃಷ್ಣಾ ನದಿಯ ಹರಿಗೋಲನ್ನು ನಾವೆಲ್ಲರೂ ಬಲ್ಲೆವು. ಅದರ ತಳ ಚಪ್ಪಟೆಯಾದುದರಿಂದ ಗಾಳಿ ತಳ್ಳಿದ ಕಡೆಗೆ ಸರಿಯುತ್ತದೆ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಸ್ಪರ್ಧೆಗೆ ಇಳಿಯುವ ಹಾಯಿದೋಣಿಗಳಾದರೋ ಅಡ್ಡಗಾಳಿಯಲ್ಲಿಯೂ ಮುಂದೆ ಸಾಗುತ್ತವೆ. ದೋಣಿಯ ನಡುವಿನಿಂದ ನೀರಿಗೆ ಇಳಿಬಿಟ್ಟ ಹಲಗೆಯು ಅದನ್ನು ಪಕ್ಕಕ್ಕೆ ಸರಿಯಗೊಡುವುದಿಲ್ಲ. ಕೆಲವು ದೊಡ್ಡ ದೋಣಿಗಳಲ್ಲಿ ಈ ಹಲಗೆ ಭಾರವಾದ ಲೋಹದ್ದು. ಆಳವಿಲ್ಲದ ಕಡೆ ಅದನ್ನು ಉಕ್ಕಿನ ಹಗ್ಗದಿಂದ ಮೇಲಕ್ಕೆ ಎಳೆಯುತ್ತಾರೆ. ಹಗ್ಗ ಕಡಿದರೆ ಹಲಗೆ ಕೆಳಗೇ ಉಳಿಯುತ್ತದೆ. ದೋಣಿ ದಡ ಸೇರುವುದು ಕಷ್ಟ.

ಹಳೆಯ ಹಗ್ಗ ಸವೆದಾಗ ಹೊಸದನ್ನು ಆರಿಸುವುದು ಹೇಗೆ? ನಾಲ್ಕು ಅಂಶಗಳನ್ನು ಗಮನಿಸಬೇಕು.

ಮೊದಲನೆಯದು ಭಾರ. ಎಳೆತ 40 ಕಿಲೋಗ್ರಾಂ ಇದ್ದರೆ, ಅದರ ಐದು ಪಟ್ಟು, ಎಂದರೆ 200 ಕಿಲೋಗ್ರಾಂ ತಡೆಯುವ ಹಗ್ಗ ಬೇಕು. ಏಕೆಂದರೆ ಒಮ್ಮೆಲೇ ಜಗ್ಗಿದಾಗ ಎಳೆತ ಹೆಚ್ಚುತ್ತದೆ.

ಎರಡನೆಯದು ರಾಟೆ. ಹಗ್ಗ ದಪ್ಪವಿದ್ದರೆ ಸಾಕೆಂದು ತಿಳಿಯಬಾರದು. ರಾಟೆಯ ಮೇಲೆ ಹಗ್ಗ ಪ್ರತಿಸಲವೂ ಬಾಗುತ್ತದೆ. ಬಾಗಿ ಬಾಗಿ ತಂತಿಗಳು ಮುರಿಯುತ್ತವೆ. ಏಳು ಎಳೆಗಳಲ್ಲಿ ಏಳೇಳು ತಂತಿಗಳಿರುವ ಹಗ್ಗದಲ್ಲಿ 49 ತಂತಿಗಳು. ಹತ್ತೊಂಬತ್ತರಂತೆ ಇದ್ದರೆ 133. ದಪ್ಪ ಒಂದೇ ಆದರೂ ಎರಡನೆಯದರ ತಂತಿಗಳು ಸಣ್ಣವು. ಆದ್ದರಿಂದ ಸುಲಭವಾಗಿ ಬಾಗುತ್ತವೆ. ಇಂತಹ ಹಗ್ಗಕ್ಕೂ ರಾಟೆಯ ವ್ಯಾಸ ಹಗ್ಗದ ವ್ಯಾಸದ ಸುಮಾರು 20 ಪಟ್ಟು ಇರುವುದು ಒಳ್ಳೆಯದು. 4 ಮಿಲಿಮೀಟರ್ ಹಗ್ಗಕ್ಕೆ 80 ಮಿಲಿಮೀಟರ್ ರಾಟೆ.

ಮೂರನೆಯದು ನೀರು. ಸತುವಿನ ಲೇಪವುಳ್ಳ ಹಗ್ಗದಲ್ಲಿ ಸತುವು ಮೊದಲು ಸವೆದು ಉಕ್ಕನ್ನು ಕಾಯುತ್ತದೆ. ಸಮುದ್ರದ ಉಪ್ಪುನೀರಿಗೆ ಸ್ಟೇನ್‌ಲೆಸ್ ಉಕ್ಕು ಮೇಲು. ಪ್ಲಾಸ್ಟಿಕ್ ಹೊದಿಕೆ ಅಂದವಾಗಿ ಕಂಡರೂ ಒಳಗಿನ ತುಕ್ಕನ್ನು ಮರೆಮಾಡುತ್ತದೆ.

ನಾಲ್ಕನೆಯದು ತಪಾಸಣೆ. ಹಗ್ಗವನ್ನು ಬರಿಗೈಯಿಂದ ಸವರಬಾರದು, ಬಟ್ಟೆಯಿಂದ ಸವರಬೇಕು. ಬಟ್ಟೆ ಸಿಕ್ಕಿಕೊಂಡರೆ ತಂತಿ ಮುರಿದಿದೆ ಎಂದರ್ಥ. ರಾಟೆಯ ಬಳಿ ಮತ್ತು ತುದಿಗಳಲ್ಲಿ ವಿಶೇಷವಾಗಿ ನೋಡಬೇಕು.

ತೂಗುವ ವಸ್ತುವನ್ನು ಹಿಡಿದಿರುವ ಕೊಂಡಿಯ ಮಹತ್ವವನ್ನು ನಮ್ಮ ನೆರೆಯ ತುಂಗಭದ್ರೆಯೇ ತೋರಿಸಿಕೊಟ್ಟಿದ್ದಾಳೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿಯ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ರೈತರು ನಂಬಿದ್ದ ನೀರು ದಿನಗಟ್ಟಲೆ ನದಿಗೆ ಹರಿದುಹೋಯಿತು.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಬಾವಿಯ ಹಗ್ಗಕ್ಕೂ ಇವೇ ಪ್ರಶ್ನೆಗಳನ್ನು ಕೇಳಿರಿ: ಭಾರವೆಷ್ಟು? ರಾಟೆ ಎಂತಹದು? ನೀರು ಎಂತಹದು? ಕೊನೆಯ ಸಲ ನೋಡಿದ್ದು ಯಾವಾಗ? ಕಡಿದ ಮೇಲೆ ಕೊಡ ಬಾವಿಯ ತಳದಲ್ಲಿರುತ್ತದೆ. ಕಡಿಯುವ ಮೊದಲು ಬದಲಾಯಿಸುವುದೇ ಜಾಣತನ.