ಆಶೀರ್ವಾದಕ್ಕೆ ಮುಂಚೆ ಆಲೋಚನೆ



ಹೊಸ ಬೈಕು ಕೊಂಡವರು ಅದನ್ನು ದೇವಾಲಯದ ಅಂಗಳಕ್ಕೆ ತಂದು ನಿಲ್ಲಿಸಿ ಆಶೀರ್ವಾದ ಬೇಡುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಒಳ್ಳೆಯ ರೂಢಿಯೇ. ಆದರೆ ಕೊಂಡ ಮೇಲೆ ಆಶೀರ್ವಾದ ಕೇಳುವವರು ಅನೇಕರು, ಕೊಳ್ಳುವ ಮುಂಚೆ ಆಲೋಚನೆ ಕೇಳುವವರು ಕೆಲವರು. ಆ ಕೆಲವರಲ್ಲೂ ಹೆಚ್ಚಿನವರು ತಾಯಂದಿರು. "ಫಾದರ್, ಮಗ ಆ ದೊಡ್ಡ ಬೈಕೇ ಬೇಕು ಅಂತ ಹಟ ಹಿಡಿದಿದ್ದಾನೆ. ಬೇಡ ಅಂತ ನೀವೇ ಒಂದು ಮಾತು ಹೇಳಿ" ಎನ್ನುತ್ತಾರೆ.

ಗುರುಗಳು 'ಬೇಡ' ಎಂದರೆ ಸಮಸ್ಯೆ ಮುಗಿಯುತ್ತದೆಯೇ? ಇಲ್ಲ. ಆ ಮಗ ಬೈಕನ್ನು ಬಿಡಬಹುದು, ಆದರೆ ತೀರ್ಮಾನ ಮಾಡುವುದನ್ನು ಕಲಿತಿರುವುದಿಲ್ಲ. ಇಂದು ಬೈಕು, ನಾಳೆ ಉದ್ಯೋಗ, ನಾಡಿದ್ದು ಮದುವೆ, ಆಮೇಲೆ ಮನೆ. ಆದ್ದರಿಂದ ಈ ವಾರ ಬೈಕನ್ನೇ ಪಾಠವಾಗಿಟ್ಟುಕೊಂಡು, ವಿವೇಕದಿಂದ ತೀರ್ಮಾನಿಸುವುದು ಹೇಗೆ ಎಂಬುದನ್ನು ಕಲಿಯೋಣ.

ವಿವೇಕದ ಮೂರು ಮೆಟ್ಟಿಲುಗಳು

ವಿವೇಕ ಎಂದ ಕೂಡಲೇ ನಮಗೆ ನೆನಪಾಗುವುದು ಎಚ್ಚರಿಕೆ, ಹಿಂಜರಿಕೆ, 'ಬೇಡಪ್ಪ' ಎನ್ನುವ ಮಾತು. ಸಂತ ತೋಮಾಸ್ ಅಕ್ವಿನಾಸರು ಹಾಗೆ ಬೋಧಿಸಲಿಲ್ಲ. ಹದಿಮೂರನೆಯ ಶತಮಾನದಲ್ಲಿ ಬರೆದ ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಅವರು ವಿವೇಕಕ್ಕೆ ಮೂರು ಕ್ರಿಯೆಗಳನ್ನು ಹೇಳುತ್ತಾರೆ: ಸಮಾಲೋಚನೆ, ತೀರ್ಮಾನ ಮತ್ತು ತೀರ್ಮಾನವನ್ನು ಕಾರ್ಯಕ್ಕೆ ತರುವ ಆಜ್ಞೆ. ಈ ಮೂರರಲ್ಲಿ ಮುಖ್ಯವಾದದ್ದು ಮೂರನೆಯದು. ಅಂದರೆ ಮಾಡಬೇಕಾದುದನ್ನು ಮಾಡದೆ ಕುಳಿತವನೂ ಅವಿವೇಕಿಯೇ, ಯೋಚಿಸದೆ ಮುನ್ನುಗ್ಗಿದವನೂ ಅವಿವೇಕಿಯೇ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೈಕಿನ ಆಸೆ ಪಾಪವಲ್ಲ. ದೇಹಕ್ಕೆ ವಿಶ್ರಾಂತಿ ಬೇಕಾದಂತೆ ಮನಸ್ಸಿಗೂ ವಿನೋದ ಬೇಕು ಎಂದು ಅದೇ ಸಂತ ತೋಮಾಸರು ಕಲಿಸಿದ್ದಾರೆ. ಆರು ದಿನ ದುಡಿದ ಯುವಕನೊಬ್ಬ ಏಳನೆಯ ದಿನ ಬಲಿಪೂಜೆ ಮುಗಿಸಿಕೊಂಡು ಶ್ರೀರಂಗಪಟ್ಟಣದ ಕಡೆಗೋ ಚಿಕ್ಕಮಗಳೂರಿನ ಕಡೆಗೋ ಹೋಗಿಬರಲು ಬಯಸಿದರೆ ಅದರಲ್ಲಿ ತಪ್ಪೇನಿದೆ? 'ಆಸೆ ಪಡಬಹುದೇ' ಎಂಬುದು ನಮ್ಮ ಪ್ರಶ್ನೆಯಲ್ಲ. ಈ ಬೈಕು, ಈ ಮನೆಗೆ, ಈ ಹೊತ್ತಿನಲ್ಲಿ ಸರಿಯೇ ಎಂಬುದೇ ಪ್ರಶ್ನೆ.

ಮೊದಲ ಮೆಟ್ಟಿಲು: ಸಮಾಲೋಚನೆ

ಸಮಾಲೋಚನೆ ಎಂದರೆ ನಾಲ್ಕು ವಿಷಯಗಳನ್ನು ಸರಿಯಾಗಿ ತಿಳಿದುಕೊಳ್ಳುವುದು.

1. ವಾಹನವನ್ನು ತಿಳಿಯಿರಿ. ಕ್ರೂಸರ್ ಎಂಬುದು ದೂರದ ರಸ್ತೆಯಲ್ಲಿ ಆತುರವಿಲ್ಲದೆ ಸಾಗುವುದಕ್ಕೆ ರೂಪಿಸಿದ ಬೈಕು. ಸೀಟು ತಗ್ಗು, ಉದ್ದ ಹೆಚ್ಚು, ಪಾದಗಳು ಮುಂದಕ್ಕೆ ಚಾಚಿರುತ್ತವೆ, ಹ್ಯಾಂಡಲ್ ಸವಾರನತ್ತ ಬಾಗಿರುತ್ತದೆ. ನಮ್ಮ ದೇಶದಲ್ಲಿ ಕಡಿಮೆ ಬೆಲೆಯ ಕ್ರೂಸರನ್ನು ಸಾಮಾನ್ಯರಿಗೆ ಪರಿಚಯಿಸಿದವುಗಳಲ್ಲಿ 2005ರಲ್ಲಿ ಬಂದ ಬಜಾಜ್ ಅವೆಂಜರ್ ಮುಖ್ಯವಾದದ್ದು. 2020ರ ನವೆಂಬರಿನಲ್ಲಿ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಬಂದಿತು. ಅವೆಂಜರ್ 220 ಕ್ರೂಸ್ ಬೈಕಿನ ತೂಕ ಸುಮಾರು 163 ಕಿಲೊ, ಮೀಟಿಯರಿನದು ಸುಮಾರು 191 ಕಿಲೊ. ದಿನಬಳಕೆಯ 100 ಸಿಸಿ ಬೈಕು 110 ಕಿಲೊ ಆಸುಪಾಸಿನಲ್ಲಿರುತ್ತದೆ.

ಈ ಅಂಕಿಗಳ ಅರ್ಥವೇನು? ಸೀಟು ತಗ್ಗಾಗಿರುವುದರಿಂದ ಗಿಡ್ಡನೆಯವರಿಗೂ ಎರಡು ಪಾದ ನೆಲಕ್ಕೆ ಊರುತ್ತವೆ, ಹೊಸಬರಿಗೆ ಧೈರ್ಯ ಬರುತ್ತದೆ. ಹೆದ್ದಾರಿಯಲ್ಲಿ ನೆಟ್ಟಗೆ, ಅಲುಗಾಡದೆ ಸಾಗುತ್ತದೆ. ಆದರೆ ಸಿಗ್ನಲ್ ಸಿಗ್ನಲಿಗೂ ನಿಲ್ಲುವ ಊರಿನಲ್ಲಿ ಆ ತೂಕ ಕೈಗೂ ಕಾಲಿಗೂ ಭಾರ. ಸಂದಿಯಲ್ಲಿ ತಿರುಗಿಸಲು ಜಾಗ ಹೆಚ್ಚು ಬೇಕು. ಪಾದ ಮುಂದಿರುವುದರಿಂದ ಗುಂಡಿ ಬಂದಾಗ ಕಾಲೂರಿ ಮೈಯನ್ನು ಮೇಲೆತ್ತುವುದು ಕಷ್ಟ, ಹೊಡೆತ ನೇರವಾಗಿ ಸೊಂಟಕ್ಕೆ. ಅಂಗಡಿಯವರು ಕೊಡುವ ಹತ್ತು ನಿಮಿಷದ ಟೆಸ್ಟ್ ರೈಡಿನಲ್ಲಿ ಇದು ತಿಳಿಯುವುದಿಲ್ಲ. ನೀವು ದಿನವೂ ಹೋಗುವ ದಾರಿಯಲ್ಲಿ, ಸಂಜೆಯ ದಟ್ಟಣೆಯಲ್ಲಿ ಓಡಿಸಿ ನೋಡಿ. ಹಿಂದಿನ ಸೀಟಿನಲ್ಲಿ ಅಮ್ಮನನ್ನೂ ಕೂರಿಸಿ. ಸೀರೆ ಉಟ್ಟವರು ಆ ಸೀಟಿನಲ್ಲಿ ಭದ್ರವಾಗಿ ಕೂರಬಲ್ಲರೇ? ಹಿಡಿದುಕೊಳ್ಳಲು ಹಿಡಿ, ಚಕ್ರಕ್ಕೆ ಸೀರೆ ಸಿಕ್ಕದಂತೆ ತಡೆ ಇದೆಯೇ? ಮನೆಗೆ ಒಂದೇ ವಾಹನವಾದರೆ ಇದು ಸಣ್ಣ ಪ್ರಶ್ನೆಯಲ್ಲ.

2. ಲೆಕ್ಕವನ್ನು ತಿಳಿಯಿರಿ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಡವೇ ಎಂದು ಪ್ರಭು ಯೇಸು ಕೇಳುತ್ತಾರೆ (ಲೂಕ 14:28). ಅಸ್ತಿವಾರ ಹಾಕಿ ಮುಗಿಸಲಾಗದೆ ನಗೆಪಾಟಲಾಗುವವನ ಮಾತನ್ನು ಅಲ್ಲಿ ಓದುತ್ತೇವೆ. ಶಿಷ್ಯತ್ವದ ಬೆಲೆಯನ್ನು ತಿಳಿಸಲು ಹೇಳಿದ ಸಾಮತಿ ಅದು. ಆದರೂ ಕುಳಿತು ಲೆಕ್ಕ ಹಾಕುವವನೇ ಜಾಣ ಎಂಬುದನ್ನು ಪ್ರಭು ಒಪ್ಪಿದ ಮಾತಾಗಿಯೇ ಹೇಳುತ್ತಾರೆ.

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಬೆಲೆ ಇಳಿದಿದೆ ಎಂಬುದು ನಿಜ, ಆದರೆ ಬೆಲೆ ಇಳಿದದ್ದರಿಂದಲೇ ನಮಗೆ ಬೇಕಾಯಿತು ಎಂದಾಗಬಾರದು. ಜಾಹೀರಾತಿನ ಎಕ್ಸ್ ಶೋರೂಮ್ ಬೆಲೆಯನ್ನು ನೋಡದೆ, ತೆರಿಗೆ, ನೋಂದಣಿ, ವಿಮೆ ಸೇರಿದ ಆನ್‌ರೋಡ್ ಬೆಲೆಯನ್ನು ಬರೆಸಿಕೊಳ್ಳಿ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಲೇ ಕಟ್ಟಬೇಕಾಗಿದೆ. ನಮ್ಮ ಬೈಕಿಗೇ ಆಗುವ ಹಾನಿಯ ವಿಮೆ ಬೇರೆ.

ಇನ್ನು ಸಾಲ. 1,50,000 ರೂಪಾಯಿಯನ್ನು ಮೂರು ವರ್ಷಕ್ಕೆ ಶೇ. 11ರ ಬಡ್ಡಿಗೆ ಪಡೆದಿರಿ ಎಂದಿಟ್ಟುಕೊಳ್ಳೋಣ. ತೀರಿಸುತ್ತ ಬಂದಂತೆ ಉಳಿದ ಬಾಕಿಯ ಮೇಲೆ ಮಾತ್ರ ಬಡ್ಡಿ ಹಾಕಿದರೆ ತಿಂಗಳ ಕಂತು ಸುಮಾರು 4,911 ರೂ., ಒಟ್ಟು ಬಡ್ಡಿ ಸುಮಾರು 26,800 ರೂ. ಅದೇ ಶೇ. 11 'ಫ್ಲಾಟ್' ಬಡ್ಡಿಯಾದರೆ ಕಂತು ಸುಮಾರು 5,542 ರೂ., ಬಡ್ಡಿ 49,500 ರೂ. ಬಡ್ಡಿಯ ಅಂಕಿ ಒಂದೇ, ವ್ಯತ್ಯಾಸ 22,000 ರೂಪಾಯಿಗೂ ಮೇಲೆ. ಸಹಿ ಹಾಕುವ ಮುಂಚೆ 'ಇದು ಯಾವ ಬಗೆಯ ಬಡ್ಡಿ?' ಎಂದು ಕೇಳಲು ನಾಚಿಕೆ ಬೇಡ.

ಪೆಟ್ರೋಲಿನ ಲೆಕ್ಕವೂ ಇದೆ. ದಿನಕ್ಕೆ 30 ಕಿ.ಮೀ., ತಿಂಗಳಿಗೆ 26 ದಿನ ಓಡಾಡುವವರಿಗೆ 780 ಕಿ.ಮೀ. ಆಗುತ್ತದೆ. ಲೀಟರಿಗೆ 60 ಕಿ.ಮೀ. ಕೊಡುವ ಬೈಕಿಗೆ 13 ಲೀಟರ್ ಸಾಕು, 35 ಕಿ.ಮೀ. ಕೊಡುವುದಕ್ಕೆ 22 ಲೀಟರಿಗೂ ಹೆಚ್ಚು ಬೇಕು. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 900 ರೂಪಾಯಿಗೂ ಮೇಲೆ ಹೆಚ್ಚು ಖರ್ಚು.

3. ಅಪಾಯವನ್ನು ತಿಳಿಯಿರಿ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಹಾಕದೆ ಸತ್ತವರು 50,000ಕ್ಕೂ ಹೆಚ್ಚು, ಆ ಪೈಕಿ ಹಿಂದೆ ಕುಳಿತವರೇ 14,000ಕ್ಕೂ ಹೆಚ್ಚು. ತಾಯಿ ಹೆದರುವುದು ಸುಮ್ಮಸುಮ್ಮನೆ ಅಲ್ಲ. ಹಿರಿಯರ ಅನುಭವಕ್ಕೆ ಕಿವಿಗೊಡುವ ಗುಣವನ್ನು ಸಂತ ತೋಮಾಸರು ವಿವೇಕದ ಒಂದು ಅಂಗವೆಂದೇ ಎಣಿಸುತ್ತಾರೆ. ಹಾಗೆಂದು ಹೆದರಿಕೆಯೊಂದೇ ತೀರ್ಪುಗಾರನಾಗಬಾರದು. ಮಗ ಕ್ರೂಸರ್ ಬಿಟ್ಟು ಸಣ್ಣ ಬೈಕಿನಲ್ಲಿ ಹೆಲ್ಮೆಟ್ ಇಲ್ಲದೆ ಹೋದರೆ ಅಪಾಯ ಎಳ್ಳಷ್ಟೂ ತಗ್ಗುವುದಿಲ್ಲ. ಬೈಕಿನ ಗಾತ್ರಕ್ಕಿಂತ ಮೊದಲು ಸವಾರನ ಸ್ವಭಾವವನ್ನು ನೋಡಿ.

4. ನಿಮ್ಮ ಆಸೆಯನ್ನು ತಿಳಿಯಿರಿ. ಇದು ಎಲ್ಲಕ್ಕಿಂತ ಕಷ್ಟ. ಲೊಯೋಲದ ಸಂತ ಇಗ್ನಾಸಿಯವರು 1521ರಲ್ಲಿ ಪಾಂಪ್ಲೋನದ ಕಾಳಗದಲ್ಲಿ ಕಾಲಿಗೆ ಗುಂಡು ಬಿದ್ದು ಹಾಸಿಗೆ ಹಿಡಿದಾಗ ಎರಡು ಬಗೆಯ ಕನಸು ಕಾಣುತ್ತಿದ್ದರು. ಒಂದು, ಉನ್ನತ ಕುಲದ ಸ್ತ್ರೀಯನ್ನು ಮೆಚ್ಚಿಸಲು ಮಾಡಲಿರುವ ಸಾಹಸಗಳದು. ಇನ್ನೊಂದು, ಸಂತರಂತೆ ಬಾಳುವುದರದು. ಕಾಣುವಾಗ ಎರಡೂ ಸಿಹಿಯೇ. ಆದರೆ ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಒಣಗಿಸಿತು, ಎರಡನೆಯದು ಸಂತೋಷವನ್ನು ಉಳಿಸಿತು. ಆಸೆಯನ್ನು ಅದರ ಬಾಲದಿಂದ ಗುರುತಿಸಬೇಕು ಎಂದು ಅವರು ಕಲಿತದ್ದು ಹಾಗೆ.

ಯುವಜನರೇ, ನೀವೂ ಹಾಗೆ ಮಾಡಿ ನೋಡಿ. ಬೈಕಿನ ಕನಸು ಕಂಡು ಮುಗಿದ ಮೇಲೆ ಮನಸ್ಸಿನಲ್ಲಿ ಏನು ಉಳಿಯುತ್ತದೆ? ದಾರಿಯ, ಗಾಳಿಯ, ಪ್ರಯಾಣದ ಸಂತೋಷವೇ? ಅಥವಾ ಗೆಳೆಯನ ಬೈಕಿಗಿಂತ ನನ್ನದು ಕಮ್ಮಿಯೆಂಬ ಉರಿಯೇ? ಯಾರೂ ನೋಡದ ದಾರಿಯಲ್ಲಿ ಓಡಿಸುವುದಾದರೂ ಈ ಬೈಕೇ ಬೇಕೇ? ಮೂರು ತಿಂಗಳು ಕಾಯಿರಿ. ಆ ಮೂರು ತಿಂಗಳು ಕಂತಿನಷ್ಟು ಹಣವನ್ನು ಬೇರೆಯಾಗಿ ತೆಗೆದಿಡಿ. ಆಸೆಯೂ ಹಣವೂ ಎರಡೂ ಉಳಿದರೆ ಅದು ಒಳ್ಳೆಯ ಸೂಚನೆ.

ಎರಡನೆಯ ಮೆಟ್ಟಿಲು: ತೀರ್ಮಾನ

ಇಗ್ನಾಸಿಯವರ ಜೀವನದಲ್ಲಿ ಇನ್ನೊಂದು ಘಟನೆಯಿದೆ. 1522ರಲ್ಲಿ ಮೊಂತ್ಸೆರಾತಿಗೆ ಹೋಗುವ ದಾರಿಯಲ್ಲಿ ಮಾತೆ ಮರಿಯಮ್ಮನವರ ಬಗ್ಗೆ ಹಗುರವಾಗಿ ಮಾತನಾಡಿದ ಒಬ್ಬನ ಮೇಲೆ ಅವರಿಗೆ ಕೋಪ ಬಂತು. ಬೆನ್ನಟ್ಟಿ ಹೋಗಿ ಇರಿಯಬೇಕೇ, ಬಿಡಬೇಕೇ ಎಂದು ತೋಚದೆ ದಾರಿ ಕವಲೊಡೆದಲ್ಲಿ ತಮ್ಮ ಹೇಸರಗತ್ತೆಯ ಲಗಾಮನ್ನು ಸಡಿಲಬಿಟ್ಟರು. ಅದು ಆ ಮನುಷ್ಯ ಹೋದ ದಾರಿ ಹಿಡಿಯದೆ ಬೇರೆ ದಾರಿ ಹಿಡಿಯಿತು, ಒಂದು ಜೀವ ಉಳಿಯಿತು. ಮುಂದೆ ವಿವೇಚನೆಯ ಗುರುವೇ ಆದವರು ಆಗಿನ್ನೂ ವಾಹನದ ಕೈಗೆ ತೀರ್ಮಾನ ಕೊಟ್ಟಿದ್ದರು! ಷೋರೂಮಿನ ಹೊಳಪು, 'ಆಫರ್ ಇವತ್ತೇ ಕೊನೆ' ಎಂಬ ಒತ್ತಾಯ, ಗೆಳೆಯರ ಹುರುಪು, ಇವು ನಮ್ಮ ಹೇಸರಗತ್ತೆಗಳು. ಲಗಾಮು ನಮ್ಮ ಕೈಯಲ್ಲಿರಲಿ.

ಅವರೇ ಮುಂದೆ ತಮ್ಮ 'ಆಧ್ಯಾತ್ಮಿಕ ಸಾಧನೆ'ಯಲ್ಲಿ ಒಂದು ಉಪಾಯ ಹೇಳಿದರು. ಪರಿಚಯವೇ ಇಲ್ಲದ, ಆದರೆ ನೀವು ಒಳಿತನ್ನೇ ಬಯಸುವ ಒಬ್ಬ ವ್ಯಕ್ತಿ ಇದೇ ಸ್ಥಿತಿಯಲ್ಲಿ ಬಂದು ಕೇಳಿದರೆ ಏನು ಹೇಳುತ್ತೀರಿ? ಆ ಬುದ್ಧಿಮಾತನ್ನು ನೀವೇ ಪಾಲಿಸಿ.

ಉದಾಹರಣೆಗೆ, ಆ ವ್ಯಕ್ತಿಗೆ 26 ವಯಸ್ಸು, ತಿಂಗಳಿಗೆ 28,000 ರೂ. ಸಂಬಳ. ಅಪ್ಪ ನಿವೃತ್ತರು, ತಂಗಿಯ ನರ್ಸಿಂಗ್ ಓದಿಗೆ ಇನ್ನೂ ಎರಡು ವರ್ಷದ ಫೀಸು ಬಾಕಿ. ಈಗ 5,000 ರೂಪಾಯಿ ಕಂತು ಹೊತ್ತರೆ ಯಾರ ಪಾಲಿನದು ಕಡಿಮೆಯಾಗುತ್ತದೆ? ಅಪ್ಪ ಬಾಯಿಬಿಟ್ಟು ಹೇಳಲಾರರು, ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಲು ತೊಡಗಬಹುದು. ಅವನಿಗೆ ನೀವು 'ಎರಡು ವರ್ಷ ತಾಳಪ್ಪ, ತಂಗಿಯ ಓದು ಮುಗಿಯಲಿ' ಎನ್ನುವುದಿಲ್ಲವೇ? ಇನ್ನೊಬ್ಬನಿಗೆ ಮನೆಯ ಹೊಣೆ ತೀರಿದೆ, ಉಳಿತಾಯವಿದೆ, ಅರ್ಧದಷ್ಟು ಹಣ ಕೈಯಲ್ಲಿದೆ, ಶಿಸ್ತಿನ ಸವಾರ. ಅವನಿಗೆ 'ಸಂತೋಷವಾಗಿ ಕೊಂಡುಕೋ' ಎಂದರೆ ಅದೂ ವಿವೇಕವೇ. ಒಂದೇ ಬೈಕು, ಎರಡು ಉತ್ತರ.

ಮೂರನೆಯ ಮೆಟ್ಟಿಲು: ಕಾರ್ಯ

'ಹೌದು' ಎಂದಾದರೆ ಅರೆಮನಸ್ಸಿನಿಂದ ಕೊಳ್ಳಬೇಡಿ. ಬೈಕಿನ ಹಣದ ಜೊತೆಯಲ್ಲೇ ಐಎಸ್‌ಐ ಗುರುತಿನ ಎರಡು ಹೆಲ್ಮೆಟ್‌ಗಳ ಹಣ ಎತ್ತಿಡಿ, ಒಂದು ನಿಮಗೆ, ಇನ್ನೊಂದು ಹಿಂದೆ ಕೂರುವವರಿಗೆ. ಎಬಿಎಸ್ ಇರಲಿ. ಸೆಕೆಂಡ್ ಹ್ಯಾಂಡ್ ಬೈಕಾದರೆ 2019ರ ಏಪ್ರಿಲಿಗೆ ಹಿಂದಿನ ಹಲವು ಬೈಕುಗಳಲ್ಲಿ ಎಬಿಎಸ್ ಇರಲಿಲ್ಲ ಎಂಬುದನ್ನು ನೆನಪಿಡಿ, ಆರ್‌ಸಿಯಲ್ಲಿ ಹಳೆಯ ಸಾಲ ತೀರಿದೆಯೇ ಎಂದು ನೋಡಿ. ಮೊದಲ ಒಂದು ತಿಂಗಳು ಖಾಲಿ ರಸ್ತೆಯಲ್ಲಿ ತೂಕವನ್ನು ಪಳಗಿಸಿ, ಆಮೇಲೆ ಘಾಟಿ.

'ಬೇಡ' ಎಂದಾದರೆ ಅದನ್ನೂ ಪೂರ್ಣ ಮನಸ್ಸಿನಿಂದ ಮಾಡಿ. ಕೊಳ್ಳದ ಬೈಕನ್ನು ದಿನವೂ ಮನಸ್ಸಿನಲ್ಲಿ ಓಡಿಸುತ್ತ ಮನೆಯವರ ಮೇಲೆ ಸಿಡುಕುವುದು ತ್ಯಾಗವಲ್ಲ. ತಂದೆತಾಯಂದಿರೇ, ಮಗ ಮನೆಗಾಗಿ ಆಸೆ ಬಿಟ್ಟಾಗ ಅದನ್ನು ಗಮನಿಸಿ, ಒಂದು ಒಳ್ಳೆಯ ಮಾತು ಆಡಿ. 'ಈಗ ಬೇಡ' ಎಂದಾದರೆ ತಾರೀಖನ್ನು ಬರೆದಿಡಿ, ಆ ದಿನ ಬಂದಾಗ ಮಾತು ತಪ್ಪಬೇಡಿ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯ ಈಗಿನ ಸಾಲ, ಕಂತುಗಳೆಷ್ಟು? ಎಲ್ಲರಿಗೂ ತಿಳಿದಿದೆಯೇ?
2. ದೊಡ್ಡ ಖರ್ಚಿಗೆ ಮುಂಚೆ ಮನೆಯವರೆಲ್ಲ ಒಟ್ಟಿಗೆ ಕುಳಿತು ಮಾತನಾಡುತ್ತೇವೆಯೇ? ಅಲ್ಲಿ ಯಾರ ಮಾತನ್ನು ಕೇಳುವುದೇ ಇಲ್ಲ?
3. ನಮ್ಮ ಮನೆಯಲ್ಲಿ ಹಿಂದಿನ ಸೀಟಿನವರಿಗೂ ಹೆಲ್ಮೆಟ್ ಇದೆಯೇ?

ಈ ವಾರ ರಾತ್ರಿಯ ಜಪಮಾಲೆ ಮುಗಿದ ಮೇಲೆ ಹತ್ತು ನಿಮಿಷ ಕುಳಿತು ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿ. ಮೊದಲು ಮಾತನಾಡುವ ಅವಕಾಶ ಮನೆಯ ಕಿರಿಯರಿಗೆ ಇರಲಿ.