ಸೋಲೊಪ್ಪದ ಜೊತೆಗಾರ

ಸೋದರಿ, ಖಡಕಿಯ ರೈಲುನಿಲ್ದಾಣದಿಂದ ಸಂಜೆ ಒಬ್ಬಳೇ ಮನೆಗೆ ನಡೆದು ಬರುವ ನಿಮ್ಮ ಮಗಳು ಕಲಿಯುತ್ತಿರುವ ಕರಾಟೆಯು ಆಪತ್ಕಾಲದಲ್ಲಿ ಆಕೆಯನ್ನು ಕಾಯಬಲ್ಲುದೇ ಎಂಬ ನಿಮ್ಮ ಸಂದೇಹವು ಯುಕ್ತವಾದುದೇ. ಆದರೆ ಉತ್ತರವನ್ನು ನಡುಪಟ್ಟಿಯ ಬಣ್ಣದಲ್ಲಾಗಲಿ ಪದ್ಧತಿಯ ಹೆಸರಿನಲ್ಲಾಗಲಿ ಅರಸದೆ, ಅಭ್ಯಾಸದ ಹೊತ್ತಿಗೆ ಹೋಗಿ ಕುಳಿತು, ಎದುರಾಳಿಯು ನಿಜವಾಗಿ ಪ್ರತಿರೋಧಿಸುವನೋ ಅಥವಾ ಗೊತ್ತುಮಾಡಿದ ಹೊಡೆತವನ್ನು ಹೊಡೆದು ಗೊತ್ತುಮಾಡಿದಂತೆಯೇ ಬೀಳುವನೋ ಎಂಬುದನ್ನು ನೋಡಿರಿ. ಗುರುಗಳು ನಿವೃತ್ತ ಸೈನಿಕರೆಂಬುದು, ಬಾಂಬೆ ಸ್ಯಾಪರ್ಸ್ ಕೇಂದ್ರವಿರುವ ದಂಡಿನ ಊರಿನಲ್ಲಿ ಅಚ್ಚರಿಯಲ್ಲ, ಪ್ರಮಾಣವೂ ಅಲ್ಲ.

1882ರಲ್ಲಿ ಜೂಡೊವನ್ನು ಸ್ಥಾಪಿಸಿದ ಜಪಾನಿನ ಕಾನೊ ಜಿಗೊರೊ ಅವರು, ಅತ್ಯಪಾಯಕರ ಪಟ್ಟುಗಳನ್ನು ಬದಿಗಿರಿಸಿ, ಉಳಿದವನ್ನು ಸೋಲೊಪ್ಪದ ಜೊತೆಗಾರನ ಮೇಲೆ ಪೂರ್ಣಬಲದಿಂದ ಪ್ರಯೋಗಿಸುವ ‘ರಂದೋರಿ’ಗೆ ಪ್ರಾಧಾನ್ಯವಿತ್ತರು, ನಮ್ಮ ಗರಡಿಯ ಪೈಲವಾನನಿಗೂ ಮಟ್ಟಿಯಲ್ಲಿ ನಿತ್ಯವೂ ಇದೇ ಪರೀಕ್ಷೆ. ಪಕ್ಷಪಾತವೆಂದರೂ ಸರಿಯೇ, ಹತ್ತು ವರುಷ ಗಾಳಿಗೆ ಗುದ್ದಿದವನಿಗಿಂತ ಒಂದು ವರುಷ ಮಣ್ಣುಮುಕ್ಕಿದವನನ್ನೇ ನಾನು ನಂಬುವೆನು. ಆದರೂ ಗರಡಿಯಲ್ಲಿ ಚೂರಿಯಿಲ್ಲ, ಇಬ್ಬರು ಕೂಡಿ ಮೇಲೆ ಬೀಳುವುದಿಲ್ಲ. ಚೂರಿಯನ್ನು ಬರಿಗೈಯಿಂದ ಕಸಿಯುವುದನ್ನು ಮೂರು ತಿಂಗಳಲ್ಲಿ ಕಲಿಸುವೆನೆಂಬ ಗುರುವಿಗೆ ದೂರದಿಂದಲೇ ನಮಸ್ಕರಿಸಿ, ಹಿಡಿತ ಬಿಡಿಸಿಕೊಂಡು ಕೂಗುವುದನ್ನೂ ಓಡುವುದನ್ನೂ ಕಲಿಸುವವರನ್ನು ಆರಿಸಿರಿ.

ಆತ್ಮರಕ್ಷಣೆಗೆ ಅವಶ್ಯವಾದುದಕ್ಕಿಂತ ಅಧಿಕ ಹಾನಿಯನ್ನುಂಟುಮಾಡುವ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆಯ 37ನೆಯ ಕಲಮು ಯಾರಿಗೂ ಕೊಡದೆಂಬುದೂ, ಪೊಲೀಸರನ್ನು ಕರೆಯುವ ಸಂಖ್ಯೆ 112 ಎಂಬುದೂ ಆಕೆಗೆ ತಿಳಿದಿರಲಿ. ಈ ವಾರವೇ ತರಗತಿಯನ್ನು ನೋಡಿ ಬಂದು, ಕಂಡುದನ್ನು ನನಗೆ ಬರೆಯಿರಿ.